ಮೂರನೆಯ ಪ್ರಕಟಣೆ

ಅವನನ್ನು ನಾನು ಮೊದಲ ಸಲ ಕಂಡಾಗ ಅವನು ನಮ್ಮ ಚರ್ಚಿನ ಗೋಡೆಯನ್ನು ಟೇಪು ಹಿಡಿದು ಅಳೆಯುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಜಗಳ ತೆಗೆದೆ.

“ಜಾಗಾ ನೋಡಾಕ ಬಂದೀರೇನ್ರಿ? ಇದು ಮಾರೂದಲ್ಲ. ಬಂದ ದಾರೀಲೆ ಹೊಂಡ್ರಿ.”

ಅವನು ತಿರುಗಿದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಒಂದು ಹುಬ್ಬಿನ ಮೇಲೆ ಸುಣ್ಣ ಉದುರಿತ್ತು. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದ್ದಕ್ಕೆ ಅದನ್ನು ಬರಿಗಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿಕೊಂಡಿದ್ದ.

“ಮಾರಾಕಲ್ರಿ, ಉಳಸಾಕ ಬಂದೇನಿ. ಒಂದೀಟು ಈ ತುದಿ ಹಿಡೀರಿ.”

ಹಿಡಿದೆ. ಅಷ್ಟು ಸುಲಭಕ್ಕೆ ಹಿಡಿದೆನಲ್ಲ ಎಂದು ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೆಸರು ಪ್ರವೀಣಕುಮಾರ, ಊರು ಬಾಗಲಕೋಟೆ. ಸೊರಗಿದ ಸಭೆಗಳನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಅವನ ಕೆಲಸ. ಬಿಷಪ್ಪರು ಅವನನ್ನು ಆರು ತಿಂಗಳಿಗೆಂದು ಇಳಕಲ್ಲಿಗೆ ಕಳಿಸಿದ್ದರು. ಅಷ್ಟರಲ್ಲಿ ನಮ್ಮ ಸಭೆ ಎದ್ದು ಕೂರದಿದ್ದರೆ ನಮ್ಮನ್ನು ಹುನಗುಂದಕ್ಕೆ ಸೇರಿಸಿ ಇಲ್ಲಿಗೆ ಬೀಗ ಹಾಕುವುದು ಎಂದಾಗಿತ್ತು.

ಅವನು ಅಳೆಯುತ್ತಿದ್ದದ್ದು ಬಿರುಕನ್ನು. ರೊಟ್ಟಿ, ದ್ರಾಕ್ಷಾರಸ ಇಡುವ ಕರ್ತನ ಮೇಜಿನ ಹಿಂದಿನ ಗೋಡೆಯಲ್ಲಿ ಅದು ಕಿಟಕಿಯಿಂದ ಹೊರಟು ಶಿಲುಬೆಯ ತನಕ ಬಂದಿತ್ತು. ದಿನಾ ಮಧ್ಯಾಹ್ನ ಗ್ರಾನೈಟ್ ಕ್ವಾರಿಯಲ್ಲಿ ಸಿಡಿಮದ್ದು ಹಾರಿದಾಗ ಅದರಿಂದ ಒಂದಿಷ್ಟು ಸುಣ್ಣ ಉದುರುತ್ತಿತ್ತು. ಅವನು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ತಾರೀಖು ಬರೆದ.

“ಇದು ಹರದ್ರ ಬಿರುಕು ಇನ್ನೂ ಬೆಳೀಲಿಕ್ಕತ್ತೈತಿ ಅಂತ ತಿಳ್ಕೋಬೇಕು.”

ಒಂದು ವಾರಕ್ಕೆ ಅದು ಹರಿಯಿತು.

ನಾನು ತಬಿತಾ. ಬಸ್‌ಸ್ಟ್ಯಾಂಡಿನ ಎದುರಿನ ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತೇನೆ. ನನ್ನ ಅಪ್ಪ ರಾಚಪ್ಪ, ಸಾಲೆಯ ನಿವೃತ್ತ ಹೆಡ್‌ಮಾಸ್ತರು, ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯರು. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ನನ್ನನ್ನು ಬೆಳೆಸಿದವಳು ಅಪ್ಪನ ತಂಗಿ ನೀಲಾಬಾಯಿ, ನನ್ನ ನೀಲಾ ಅತ್ತೆ. ಅತ್ತೆ ಮನೆಯಲ್ಲಿ ದಿನಾ ಬೈಬಲ್ ಓದುತ್ತಾಳೆ. ಆದರೆ ಇಪ್ಪತ್ತೆರಡು ವರ್ಷಗಳಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ.

ಪ್ರವೀಣಕುಮಾರನ ಕೆಲಸದ ರೀತಿ ವಿಚಿತ್ರವಾಗಿತ್ತು. ಅವನು ಪ್ರಸಂಗ ಮಾಡುತ್ತಿರಲಿಲ್ಲ, ಗಿಟಾರು ತರಲಿಲ್ಲ, ಬ್ಯಾನರ್ ಕಟ್ಟಲಿಲ್ಲ. ಮನೆಮನೆಗೆ ಹೋಗಿ ಚಹಾ ಕುಡಿದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ. “ಈ ಸಭಿ ನಿಮಗ ಚಲೋ ಅನಿಸಿದ್ದ ಕಡೀ ದಿನಾ ಯಾವುದ್ರಿ?”

ಒಂದು ಸಂಜೆ ಚರ್ಚಿನ ಬೀಗ ಹಾಕಲು ಹೋದಾಗ ಅವನು ಹಳೆಯ ಹಾಜರಿ ಪುಸ್ತಕಗಳ ನಡುವೆ ಕುಳಿತಿದ್ದ.

“ಹದಿನೇಳು ಮನಿಯವರು ಒಂದೇ ಉತ್ತರಾ ಕೊಟ್ರು,” ಅಂದ. “ಎರಡು ಸಾವಿರದ ಎರಡನೇ ಇಸ್ವಿಯ ಸುಗ್ಗಿ ಹಬ್ಬ. ಅದನ್ನ ಹೇಳಿ ಎಲ್ಲಾರೂ ನೆಲಾ ನೋಡ್ತಾರ. ಆ ಹಬ್ಬಕ್ಕ ನೂರಾ ನಲವತ್ತು ಮಂದಿ ಬಂದಿದ್ರು. ಮುಂದಿನ ಕ್ರಿಸ್ಮಸ್ಸಿಗೆ ಅರವತ್ತು. ನಡುವ ಏನಾತ್ರಿ?”

“ನಮ್ಮ ಲ್ಯಾಬಿನಾಗ ಮುಂಜಾನೆ ರಕ್ತ ಕೊಟ್ರ ಸಂಜೀಕ ರಿಪೋರ್ಟು,” ಅಂದೆ ನಾನು, ಮಾತು ತಪ್ಪಿಸಲು. “ನಿಮ್ಮ ತಪಾಸಣಿ ಭಾಳ ನಿಧಾನ್ರಿ ಡಾಕ್ಟರ.”

ಅವನು ನಕ್ಕ. ನಗುವಾಗ ಅವನು ಕನ್ನಡಕವನ್ನು ಹಿಂದಕ್ಕೆ ತಳ್ಳುತ್ತಾನೆ, ನಗು ಜಾರಿ ಬಿದ್ದೀತು ಎಂಬಂತೆ. ಆ ಬೆರಳನ್ನೇ ನೋಡುತ್ತ ನಿಂತೆ. ಅವನು ಅದನ್ನು ಗಮನಿಸಿದ. ಗಮನಿಸಿಲ್ಲ ಎಂಬಂತೆ ಪುಸ್ತಕಕ್ಕೆ ತಲೆ ಬಗ್ಗಿಸಿದ, ಆದರೆ ಕಿವಿ ಕೆಂಪಾಯಿತು.

ನಡುವೆ ಏನಾಯಿತು ಎಂಬುದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯ ನಡುವೆ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಿರಿ ಎನ್ನುತ್ತಾರೆ. ಯಾರೂ ಏನೂ ಅನ್ನುವುದಿಲ್ಲ, ಸಭೆಯ ಪಾದ್ರಿ ಅಯ್ಯನವರು ಮುಂದಿನ ಕೀರ್ತನೆಯ ನಂಬರು ಹೇಳುತ್ತಾರೆ. ಆ ವರ್ಷ ಸುಗ್ಗಿ ಹಬ್ಬದ ಮರುವಾರದಿಂದ ನೀಲಾ ಅತ್ತೆಯ ಹೆಸರು ಓದಿದರು. ಗಂಡು ದೇವದಾನ, ರಾಮಥಾಳದವನು, ಇಲ್ಲಿ ಸೀರೆ ನೇಯುತ್ತಿದ್ದವನು. ಎರಡು ಭಾನುವಾರ ಸುಮ್ಮನೆ ಕಳೆದವು. ಮೂರನೆಯ ಭಾನುವಾರ ನಾನು ಅಪ್ಪನ ಪಕ್ಕದಲ್ಲಿ, ಅವರ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದೆ. ನನಗೆ ಐದು ವರ್ಷ. ಅಪ್ಪ ನನ್ನ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡು ಎದ್ದು ನಿಂತರು.

“ಆಕ್ಷೇಪಣಿ ಐತ್ರಿ. ಈ ಮನಷ್ಯಾಗ ಮರೋಳದಾಗ ಹೇಣ್ತಿ ಮಗು ಅದಾರ.”

ದೇವದಾನ ಎದ್ದು ಇಡೀ ಸಭೆಯ ಮುಖ ನೋಡಿದನಂತೆ. ಯಾರೂ ತಲೆ ಎತ್ತಲಿಲ್ಲವಂತೆ. ಅವನು ಅಂದೇ ಸೊಲ್ಲಾಪುರದ ಬಸ್ಸು ಹತ್ತಿದ. ಮೊದಲ ಲಾಕ್‌ಡೌನಿನಲ್ಲಿ ಅಲ್ಲೇ ತೀರಿಕೊಂಡನೆಂದು ಸುದ್ದಿ ಬಂತು. ಆ ದಿನ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಸಂಜೆವರೆಗೆ ಬಡಿದಳು. ಅಪ್ಪ ಹೇಳಿದ್ದು ಖರೆಯೋ ಸುಳ್ಳೋ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ನಮ್ಮ ಮನೆಯವರು ಬಹಳ ಜಾಣರು.

ಆಮೇಲೆ ಆ ಚರ್ಚಿನಲ್ಲಿ ಯಾರ ಮದುವೆಯೂ ಆಗಿರಲಿಲ್ಲ. ಬಾದಾಮಿಗೆ ಹೋದರು, ಗದಗಿಗೆ ಹೋದರು, ಹುಬ್ಬಳ್ಳಿಗೆ ಹೋದರು. ಇಲ್ಲಿ ಮಾತ್ರ ಯಾರೂ ಹೆಸರು ಓದಿಸಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಪ್ರವೀಣಕುಮಾರ ಲ್ಯಾಬಿಗೆ ಬಂದ. ಜ್ವರ, ಟೈಫಾಯ್ಡ್ ಇರಬಹುದು ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ತೋಳಿಗೆ ರಬ್ಬರು ಕಟ್ಟಿ ಸೂಜಿ ತೆಗೆದೆ. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

“ಮಂದಿ ಒಳಗಿಂದೆಲ್ಲಾ ಕೆದಕಿ ಕೇಳೋರು ಸೂಜಿಗೆ ಹೆದರ್ತೀರೇನ್ರಿ?”

“ಸೂಜಿಗಲ್ಲ. ಸೂಜಿ ಹಿಡದೋರಿಗೆ.”

“ಮುಷ್ಟಿ ಬಿಗಿ ಮಾಡ್ರಿ. ಮಾತು ಸಡ್ಲ ಆಗೇತಿ.”

“ತಬಿತಾ.” ಅವನು -ರಿ ಹಚ್ಚಲಿಲ್ಲ. ಕಣ್ಣು ಮುಚ್ಚಿಯೇ ಇದ್ದ. “ಆರು ತಿಂಗಳ ಮುಗದ ಮ್ಯಾಲೆ ನಾ ಒಬ್ನ ಹೋಗೂದು ನನಗ ಆಗಂಗಿಲ್ಲ. ನೀ ಬರ್ತೀಯೇನು?”

ಆಚೆ ಕೌಂಟರಿನಲ್ಲಿ ರಸೀದಿ ಬರೆಯುತ್ತಿದ್ದ ನನ್ನ ಗೆಳತಿ ಶಹನಾಜ ಪೆನ್ನು ನಿಲ್ಲಿಸಿದಳು. ಆರು ವರ್ಷದ ಅನುಭವದಲ್ಲಿ ಮೊದಲ ಸಲ ನನಗೆ ರಕ್ತನಾಳ ಸಿಗಲಿಲ್ಲ. ಎರಡನೇ ಸಲ ಚುಚ್ಚಿದೆ. ಅವನು ಹಾ ಅನ್ನಲಿಲ್ಲ, ಮೂರ್ಛೆ ಹೋದ.

ಎಚ್ಚರಾದಾಗ ಅವನ ತಲೆ ನನ್ನ ತೋಳ ಮೇಲಿತ್ತು. “ಬರ್ತೇನಿ,” ಅಂದೆ. “ಖರೆ ಹೇಳ್ತೇನಿ, ನಿಮ್ಮನ್ನ ಒಬ್ರನ್ನ ಬಿಟ್ರ ಎಲ್ಲೆರ ಬಿದ್ದೀರಿ.”

ಅಷ್ಟು ಸಂತೋಷವಾದ ದಿನ ನನ್ನ ಜೀವನದಲ್ಲಿ ಇರಲಿಲ್ಲ. ಅದೇ ಸಂಜೆ ಹೆದರಿಕೆ ಶುರುವಾಯಿತು.

“ನಮ್ಮ ಹೆಸರು ಇಲ್ಲೇ ಓದಸೋಣು,” ಅಂದ ಪ್ರವೀಣ. “ಇಪ್ಪತ್ತೆರಡು ವರ್ಷದಾಗ ಈ ಚರ್ಚಿನಾಗ ಒಂದು ಮದುವಿ ಇಲ್ಲ. ನಮ್ಮದಾಗ್ಲಿ. ಮಂದಿ ಜೀವ ಹಿಡೀತಾರ.” ಪ್ರಕಟಣೆ ಪುಸ್ತಕವನ್ನೂ ಅವನು ನೋಡಿದ್ದ. ನೀಲಾಬಾಯಿ, ದೇವದಾನ ಎಂಬ ಹೆಸರುಗಳ ಮುಂದೆ ಎರಡು ತಾರೀಖು ಇದ್ದವು, ಮೂರನೆಯ ಜಾಗ ಖಾಲಿ. ಬರೆಯಲು ಮರೆತಿದ್ದಾರೆ ಎಂದುಕೊಂಡಿದ್ದ. ಎಲ್ಲವನ್ನೂ ಓದಬಲ್ಲವನು ಖಾಲಿ ಜಾಗವನ್ನು ಓದಲಿಲ್ಲ, ನಾನೂ ಓದಿ ಹೇಳಲಿಲ್ಲ.

ಅಪ್ಪನ ಎದುರು ಅವನು ಕೈಕಟ್ಟಿ ಕುಳಿತ. ಅಪ್ಪ ಒಂದೇ ಪ್ರಶ್ನೆ ಕೇಳಿದರು.

“ನಿಮ್ಮ ಮೂಲ ಯಾವುದು?”

ನಮ್ಮಲ್ಲಿ ಜಾತಿ ಇಲ್ಲ ಎಂದು ಪ್ರಸಂಗದಲ್ಲಿ ಹೇಳುತ್ತೇವೆ, ಮದುವೆ ಬಂದಾಗ ಮೂಲ ಕೇಳುತ್ತೇವೆ.

“ನಮ್ಮ ಅಜ್ಜ ರಾಮಥಾಳದಿಂದ ಬಂದೋರ್ರಿ,” ಅಂದ ಪ್ರವೀಣ, ಕೇರಿಯ ಹೆಸರನ್ನೂ ಹೇಳಿದ. ಅದು ದೇವದಾನನ ಕೇರಿ.

ಅಡುಗೆಮನೆಯಲ್ಲಿ ಅತ್ತೆಯ ಕೈಯ ಪಾತ್ರೆಯ ಸದ್ದು ನಿಂತಿತು. ಅಪ್ಪ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತ ಕುಳಿತರು. ನಂತರ ನಿಧಾನವಾಗಿ ಅಂದರು, “ಆತು. ಮೂರು ಐತವಾರ ಓದಸ್ರಿ.”

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅತ್ತೆಯ ಮದುವೆಗೂ ಅವರು ಮೊದಲು ಹೀಗೆಯೇ ಆತು ಅಂದಿದ್ದರಂತೆ.

ಮೊದಲ ಭಾನುವಾರ ಅಯ್ಯನವರು ನಮ್ಮ ಹೆಸರು ಓದಿದಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಎಲ್ಲರೂ ಅಪ್ಪನ ಬೆನ್ನು ನೋಡುತ್ತಿದ್ದರು. ಹಾರ್ಮೋನಿಯಂ ಹಿಂದಿನ ಕಿಟಕಿಯಿಂದ ಹೊರಗೆ ನೋಡಿದೆ. ಓಣಿಯ ತಿರುವಿನಲ್ಲಿ ನೀಲಾ ಅತ್ತೆ ಸೆರಗು ಹೊದ್ದು ನಿಂತಿದ್ದಳು.

ಎರಡನೆಯ ಭಾನುವಾರ ಅವಳು ಕಾಂಪೌಂಡಿನ ಗೇಟಿಗೆ ಬಂದಿದ್ದಳು. ಕಂಬಿ ಹಿಡಿದಿದ್ದಳು, ಒಳಗೆ ಕಾಲಿಡಲಿಲ್ಲ. ಮನೆಯಲ್ಲಿ ಯಾಕೆ ಬಂದಿ ಎಂದು ಕೇಳಿದರೆ, “ಗಾಳಿಗೆ ಹೊಂಟಿದ್ದೆ,” ಎಂದು ಬೆಳ್ಳುಳ್ಳಿ ಸುಲಿಯುತ್ತ ಕುಳಿತಳು. ಅವಳು ನಮಗೆ ಶಾಪ ಹಾಕಲು ಬರುತ್ತಿದ್ದಾಳೆ ಎಂದು ಸಭೆಯಲ್ಲಿ ಮಾತು ಹುಟ್ಟಿತು. ಬಿರುಕಿನ ಮೇಲೆ ಪ್ರವೀಣ ಹೊಸದಾಗಿ ಅಂಟಿಸಿದ್ದ ಕಾಗದ ಆ ವಾರ ಎರಡು ದಿನಕ್ಕೇ ಹರಿಯಿತು. ಅಪ್ಪ ಊಟ ಬಿಟ್ಟರು. ಯಾರಿಗೂ ಮುಖ ಕೊಡದೆ ಹಿತ್ತಲಿನಲ್ಲಿ ಓಡಾಡುತ್ತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಮಾತು ಜೋಡಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

ಶುಕ್ರವಾರ ಪ್ರವೀಣ ಲ್ಯಾಬಿಗೆ ಬಂದು ನನ್ನನ್ನು ಹೊರಗೆ ಕರೆದ. ಅವನ ಮುಖ ನೋಡಿಯೇ ಗೊತ್ತಾಯಿತು.

“ಮಾದೇವಿ ಆಯಿ ಎಲ್ಲಾ ಹೇಳಿದ್ಲು.” ಮಾದೇವಿ ಆಯಿ ನಮ್ಮ ಸಭೆಯ ಅತಿ ಹಿರಿಯ ಹೆಂಗಸು. “ಆಯಿಯ ತವರುಮನಿ ಮರೋಳ. ಅಲ್ಲಿ ದೇವದಾನಗ ಹೇಣ್ತಿ ಇರಲಿಲ್ಲ, ಮಗೂನೂ ಇರಲಿಲ್ಲ. ಅವತ್ತು ಆಕಿಗೆ ಗೊತ್ತಿತ್ತು, ಇನ್ನೂ ನಾಕು ಮಂದಿಗೆ ಗೊತ್ತಿತ್ತು. ಅವರ ಮಕ್ಕಳೆಲ್ಲಾ ನಿಮ್ಮಪ್ಪನ ಸಾಲ್ಯಾಗ ಇದ್ರು. ಹೆಡ್‌ಮಾಸ್ತರ ವಿರುದ್ಧ ಯಾರು ಬಾಯಿ ಬಿಡ್ತಾರ?” ಅವನ ದನಿ ಇಳಿಯಿತು. “ನಿನಗ ಗೊತ್ತಿತ್ತೇನು?”

“ಸುಳ್ಳು ಅಂತ ಗೊತ್ತಿರಲಿಲ್ಲ.”

“ಕೇಳಿದ್ಯೇನು?”

ಆಗಲೇ ಕ್ವಾರಿಯಲ್ಲಿ ಮದ್ದು ಹಾರಿತು, ಲ್ಯಾಬಿನ ಗಾಜು ನಡುಗಿತು.

“ಈ ಐತವಾರ ಮುಗೀಲಿ ಪ್ರವೀಣ,” ಅಂದೆ. “ನಿಮ್ಮ ಕಾಲು ಬೀಳ್ತೇನಿ. ನಮ್ಮದು ಓದಿ ಮುಗೀಲಿ, ಆಮ್ಯಾಲೆ ಏನರೆ ಹೇಳ್ರಿ. ಈಗ ಬಾಯಿ ಬಿಟ್ರ ಅಪ್ಪ ಎದ್ದು ನಿಂದರ್ತಾರ. ನಿಮಗೂ ಎಲ್ಲೋ ಒಬ್ಬಾಕಿ ಹೇಣ್ತಿನ್ನ ಹುಟ್ಟಸ್ತಾರ.”

“ನಮ್ಮದೊಂದು ಆಗೂತನಾ ಸುಮ್ನಿರೋಣು ಅಂದಿದ್ದ ಅವರೂ, ತಬಿತಾ. ಇಪ್ಪತ್ತೆರಡು ವರ್ಷದಿಂದ.” ಅವನು ಕನ್ನಡಕ ತೆಗೆದು ಒರೆಸಿದ. ಕನ್ನಡಕವಿಲ್ಲದ ಅವನ ಕಣ್ಣುಗಳು ಬಹಳ ದಣಿದಿದ್ದವು. “ಐತವಾರ ನಾ ಎದ್ದು ಹೇಳಂಗಿಲ್ಲ. ಹೊರಗಿನವ ಹೇಳಿದ್ರ ಈ ಸಭಿ ವಾಸಿ ಆಗಂಗಿಲ್ಲ. ಆದ್ರ ನಿಮ್ಮಪ್ಪ ಎದ್ರ, ನಾ ದೇವದಾನನಂಗ ಬಸ್ ಹತ್ತಂಗಿಲ್ಲ. ಅಲ್ಲೇ ಕುಂದರ್ತೇನಿ. ನೀ ಎಲ್ಲಿ ಕುಂದರ್ತಿ ಅನ್ನೂದನ್ನ ನೀ ನೋಡ್ಕೊ.”

ಅವನು ಹೋದ ಮೇಲೆ ನಾನು ಅಳುತ್ತ ನಿಂತೆ. ಅವನ ಮೇಲಿನ ಸಿಟ್ಟಿಗೆ ಅಳು ಬಂತು, ಅವನು ಸರಿ ಎಂಬ ಸಿಟ್ಟಿಗೆ ಇನ್ನೂ ಜೋರಾಗಿ ಬಂತು.

ಶನಿವಾರ ಸಂಜೆ ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕುಳಿತಿದ್ದರು. ಪ್ರವೀಣ ಎಲ್ಲ ಮನೆಗಳಲ್ಲೂ ಕೇಳಿ ನಮ್ಮ ಮನೆಯಲ್ಲಿ ಮಾತ್ರ ಕೇಳದೆ ಉಳಿಸಿದ್ದ ಪ್ರಶ್ನೆಯನ್ನು ನಾನು ಕೇಳಿದೆ.

“ಅಪ್ಪಾ, ಈ ಸಭಿ ನಿಮಗ ಚಲೋ ಅನಿಸಿದ್ದ ಕಡೀ ದಿನಾ ಯಾವುದ್ರಿ?”

ಅವರ ಕತ್ತು ಒಮ್ಮೆ ಅಡುಗೆಮನೆಯ ಕಡೆ ತಿರುಗಿತು, ಅಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದನ್ನು ನಾವಿಬ್ಬರೂ ಕೇಳುತ್ತ ಕುಳಿತೆವು.

ಮೂರನೆಯ ಭಾನುವಾರ ಚರ್ಚು ತುಂಬಿತ್ತು. ವರ್ಷಗಟ್ಟಲೆ ಬಾರದವರೂ ಬಂದಿದ್ದರು. ಅವರು ಆರಾಧನೆಗೆ ಬಂದಿರಲಿಲ್ಲ, ಏನಾಗುತ್ತದೋ ನೋಡಲು ಬಂದಿದ್ದರು. ಭಾನುವಾರ ಕ್ವಾರಿಗೆ ರಜೆ, ಓಣಿಯ ಮಗ್ಗಗಳೂ ನಿಂತಿದ್ದವು. ಕೀರ್ತನೆ ಮುಗಿಯಿತು. ಕಿಟಕಿಯಿಂದ ನೋಡಿದೆ. ಓಣಿಯ ತಿರುವಿನಲ್ಲಿ ಅತ್ತೆ ಇರಲಿಲ್ಲ. ಗೇಟಿನಲ್ಲೂ ಇರಲಿಲ್ಲ.

ಅಯ್ಯನವರು ಪ್ರಕಟಣೆ ಪುಸ್ತಕ ತೆರೆದರು.

ನಾನು ಹಾರ್ಮೋನಿಯಂ ಮುಚ್ಚಿ ಎದ್ದೆ. ನಮ್ಮ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ನಾನು ಬಲಕ್ಕೆ ಹೋದೆ. ಮುಂದಿನ ಬೆಂಚಿನಲ್ಲಿ ಅಪ್ಪನ ಪಕ್ಕದಲ್ಲಿ ಕುಳಿತು ಅವರ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಬೆರಳು ತಣ್ಣಗಿತ್ತು. ಹಿಂದೆ ಯಾರೋ ಉಸಿರೆಳೆದುಕೊಂಡರು.

“ಬಾಗಲಕೋಟೆಯ ಪ್ರವೀಣಕುಮಾರ ಮತ್ತು ಇಳಕಲ್ಲಿನ ತಬಿತಾ, ಇವರ ವಿವಾಹದ ಮೂರನೆಯ ಹಾಗೂ ಕೊನೆಯ ಪ್ರಕಟಣೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಿರಿ.”

ಅಪ್ಪನ ಬೆರಳು ಅಲುಗಿತು. ಬಿಡಿಸಿಕೊಳ್ಳಲು ಎಳೆದರು. ನಾನು ಬಿಡಲಿಲ್ಲ. ಮತ್ತೊಮ್ಮೆ ಎಳೆದರು. ಬಿಡದಿದ್ದಾಗ ನನ್ನ ಕೈಯನ್ನೂ ಜೊತೆಗೇ ಎತ್ತಿಕೊಂಡು ಎದ್ದು ನಿಂತರು.

ಪ್ರವೀಣ ಕುಳಿತಲ್ಲೇ ಕುಳಿತಿದ್ದ. ಅವನ ಕನ್ನಡಕ ಜಾರಿತ್ತು, ಅವನು ಅದನ್ನು ಸರಿಪಡಿಸಿಕೊಳ್ಳಲಿಲ್ಲ. ಅವನನ್ನು ಅದೇ ಕೊನೆಯ ಸಲ ನೋಡುತ್ತಿದ್ದೇನೆ ಅನ್ನಿಸಿತು. ಆ ಕ್ಷಣದಷ್ಟು ಅವನನ್ನು ನಾನು ಎಂದೂ ಪ್ರೀತಿಸಿರಲಿಲ್ಲ.

ಅಪ್ಪ ಬಾಯಿ ತೆರೆದರು. ಅವರು ಬಾಗಿಲ ಕಡೆ ನೋಡುತ್ತಿದ್ದರು. ಎಲ್ಲರೂ ತಿರುಗಿದರು. ಹೊಸ್ತಿಲ ಮೇಲೆ ನೀಲಾ ಅತ್ತೆ ನಿಂತಿದ್ದಳು, ಚಪ್ಪಲಿ ಕಳೆದು.

“ಹೇಳಣ್ಣಾ,” ಅಂದಳು. “ಈ ಸಲ ಏನ ಹೇಳ್ತಿ?”

ಅಪ್ಪ ನನ್ನ ಮುಷ್ಟಿಯಿಂದ ಬೆರಳು ಎಳೆಯುವುದನ್ನು ನಿಲ್ಲಿಸಿದರು.

“ಮರೋಳದಾಗ ಯಾರೂ ಇರಲಿಲ್ಲ,” ಅಂದರು ಅಪ್ಪ.

ಅಷ್ಟೇ ಅಂದರು. ಕುಳಿತುಕೊಳ್ಳಲೂ ಆಗದೆ ನಿಂತೇ ಇದ್ದರು. ಹೆಂಗಸರ ಕಡೆಯಿಂದ ಮಾದೇವಿ ಆಯಿ ಮುಖಕ್ಕೆ ಸೆರಗು ಒತ್ತಿಕೊಂಡಳು. “ನನಗೂ ಗೊತ್ತಿತ್ತು ನೀಲಾ,” ಎಂದು ಅದರೊಳಗಿಂದಲೇ ಅಂದಳು. “ನಾ ಬಾಯಿ ಬಿಡಲಿಲ್ಲ.” ಇನ್ನೊಬ್ಬರು “ನನಗೂ ಗೊತ್ತಿತ್ತು” ಅಂದರು. ಇನ್ನೂ ಒಬ್ಬರು. ನನ್ನ ಹಿಂದೆ ಯಾರೋ ಗಂಡಸು ಬಿಕ್ಕುತ್ತಿದ್ದ.

ಅತ್ತೆ ನಡುವಿನ ದಾರಿಯಲ್ಲಿ ನಡೆದು ಬಂದಳು. ಅಪ್ಪನ ಮುಂದೆ ನಿಲ್ಲಲಿಲ್ಲ. ಸೀದಾ ಅಯ್ಯನವರ ಮುಂದೆ ನಿಂತಳು.

“ನಂದು ಮೂರನೇದು ಉಳದೈತ್ರಿ. ಓದ್ರಿ.”

ಅಯ್ಯನವರು ಪುಟ ತಿರುವಿದರು. ಖಾಲಿ ಜಾಗ ಸಿಕ್ಕಿತು. ತಲೆ ಎತ್ತಿ ಮೆಲ್ಲಗೆ ಅಂದರು, “ಅಮ್ಮಾ, ಅವರು ಈಗ ಇಲ್ಲಲ್ಲ.”

“ಅವ ಇಲ್ಲ ಅನ್ನೂದು ನನಗ ಗೊತ್ತೈತ್ರಿ ಅಯ್ಯನವರ. ಆಕ್ಷೇಪಣಿ ಇಲ್ಲ ಅನ್ನೂದನ್ನ ಕೇಳಬೇಕಾಗೈತಿ.”

ಅಯ್ಯನವರು ಓದಿದರು. ರಾಮಥಾಳದ ದೇವದಾನ ಮತ್ತು ಇಳಕಲ್ಲಿನ ನೀಲಾಬಾಯಿ, ಮೂರನೆಯ ಹಾಗೂ ಕೊನೆಯ ಪ್ರಕಟಣೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಿರಿ.

“ಇಲ್ಲ,” ಅಂದಳು ಮಾದೇವಿ ಆಯಿ. ನಮ್ಮಲ್ಲಿ ಹಾಗೆ ಉತ್ತರ ಕೊಡುವ ಪದ್ಧತಿ ಇಲ್ಲ, ಸುಮ್ಮನಿರುವುದೇ ಪದ್ಧತಿ. ಆದರೆ ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರೇ ಎದ್ದು ಇಲ್ಲ ಅಂದರು, ಹಿಂದಿನ ಗೋಡೆಯ ತನಕ. ಎಲ್ಲರದೂ ಮುಗಿದ ಮೇಲೆ ಅಪ್ಪನೂ ‘ಇಲ್ಲ’ ಅಂದರು. ಅವರ ದನಿ ನನಗೆ ಮತ್ತು ಅತ್ತೆಗೆ ಮಾತ್ರ ಕೇಳಿರಬೇಕು.

ಪ್ರವೀಣ ಎದ್ದು ಬಂದು ತನ್ನ ಪೆನ್ನನ್ನು ಅಯ್ಯನವರಿಗೆ ಕೊಟ್ಟ. ಅವರು ಖಾಲಿ ಜಾಗದಲ್ಲಿ ಅಂದಿನ ತಾರೀಖು ಬರೆದರು. ಅತ್ತೆ ಬಗ್ಗಿ ಅದನ್ನು ಓದಿದಳು, ಶಾಯಿ ಒಣಗುವವರೆಗೆ ನೋಡಿದಳು. ಅಪ್ಪನ ಕಡೆ ಅವಳು ತಿರುಗಲಿಲ್ಲ. ಅದಕ್ಕೆ ಇನ್ನೂ ಎಷ್ಟು ಭಾನುವಾರ ಬೇಕೋ, ಆ ದಿನ ಬಂದೀತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳ ತಲೆಯ ಮೇಲೆ ಆ ಬಿರುಕು ಹಾಗೆಯೇ ಇತ್ತು.

ಆಮೇಲೆ ಹೋಗಿ ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ ಕುಳಿತು ಸೆರಗು ಸರಿ ಮಾಡಿಕೊಂಡಳು.

“ಈಗ ಹುಡುಗೋರದು ಇನ್ನೊಂದು ಸಲ ಓದ್ರಿ. ನಡುವ ನಿಂತಿತ್ತು.”

ಅಯ್ಯನವರು ಮತ್ತೆ ನಮ್ಮ ಹೆಸರು ಓದಿದರು, ಆಕ್ಷೇಪಣೆ ಕೇಳಿದರು. ಪ್ರವೀಣ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ನನ್ನ ಒಂದು ಕೈ ಇನ್ನೂ ಅಪ್ಪನ ಬೆರಳು ಹಿಡಿದಿತ್ತು. ಎಲ್ಲರಿಗಿಂತ ಮೊದಲು ನೀಲಾ ಅತ್ತೆ ‘ಇಲ್ಲ’ ಅಂದಳು, ಓಣಿಯ ತಿರುವಿನವರೆಗೂ ಕೇಳುವಷ್ಟು ಜೋರಾಗಿ.